ಧಾಬಳಿ ಉಟ್ಟು ಮೋಟಾರು ಓಡಿಸಿದ್ದು

ಈಗಿನ ಮೋಟಾರು ರೇಸಿನ ಚಾಲಕರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರ ವೇಗಕ್ಕಲ್ಲ, ಅವರ ಬಟ್ಟೆಗೆ. ಬೆಂಕಿಗೆ ಜಗ್ಗದ ಅಂಗಿ, ಅದರೊಳಗೆ ಬೆಂಕಿಗೆ ಜಗ್ಗದ ಒಳಅಂಗಿ, ಕೈಗೆ ಗವಸು, ಮುಖಕ್ಕೆ ಮುಸುಕು, ಅದರ ಮೇಲೆ ಕೊಪ್ಪರಿಗೆಯಂಥ ಟೊಪ್ಪಿಗೆ. ಕಾರಿನ ಬಾಲದಲ್ಲಿ ಚೂರು ಹೊಗೆ ಕಂಡಿತೋ ಇಲ್ಲವೋ, ನೊರೆ ಉಗುಳುವ ಕೆಂಪು ಸಿಲಿಂಡರು ಹಿಡಿದು ನಾಲ್ಕೂ ದಿಕ್ಕಿನಿಂದ ಜನ ಓಡಿ ಬರುತ್ತಾರೆ. ಚಾಲಕ ಮಹಾರಾಯ ಮದುಮಗನ ಹಾಗೆ ಕೆಳಗಿಳಿದು, ಟೊಪ್ಪಿಗೆ ತೆಗೆದು, ಕೂದಲು ಸರಿಮಾಡಿಕೊಂಡು ನಡೆದುಬಿಡುತ್ತಾನೆ. ನಮ್ಮ ಕಾಲದಲ್ಲಿ ಇದೇನೂ ಇರಲಿಲ್ಲ ಎಂದರೆ ಸುಳ್ಳಾದೀತು. ನನಗಂತೂ ಬೆಂಕಿಗೆ ಜಗ್ಗದ ಪೋಷಾಕು ಇತ್ತು. ಅದನ್ನು ತೊಡಿಸಿದವಳು ನನ್ನ ಹೆಂಡತಿ ಗಂಗಾ.

ಐವತ್ತರ ದಶಕ ಆಗಷ್ಟೇ ಕಣ್ಣುಬಿಟ್ಟಿತ್ತು. ನಾನು ಬೈಲಹೊಂಗಲದಲ್ಲಿ ವಕೀಲ. ವರ್ಗವಾಗಿ ಹೋದ ಸಾಹೇಬರೊಬ್ಬರಿಂದ ಒಂದು ಹಳೆಯ ಪುಟ್ಟ ಕಾರು ಕೊಂಡಿದ್ದೆ. ಒಳ್ಳೆಯ ಕಾರೇ. ಪೆಟ್ರೋಲಿನ ನಳಿಗೆಯ ಕೂಡಿಕೆಯಲ್ಲಿ ಮಾತ್ರ ಸ್ವಲ್ಪ ಸೋರುತ್ತಿತ್ತು. ಆ ರೋಗಕ್ಕೆ ಆಗ ಎಲ್ಲರಿಗೂ ಗೊತ್ತಿದ್ದ ಮದ್ದೆಂದರೆ ಬಟ್ಟೆ ಒಗೆಯುವ ಸಬಕಾರ. ದಿನಾ ಬೆಳಗ್ಗೆ ಸಂಧ್ಯಾವಂದನೆ ತಪ್ಪಿದರೂ ಸಬಕಾರ ಮೆತ್ತುವುದು ತಪ್ಪುತ್ತಿರಲಿಲ್ಲ. "ನಿಮ್ಮ ಧೋತರಕ್ಕಿಂತ ಈ ಕಾರಿಗೇ ಸಬಕಾರ ಭಾಳ ಹೋಗ್ತದ" ಎಂದು ಗಂಗಾ ಗೊಣಗುತ್ತಿದ್ದಳು.

ಊರಿನಲ್ಲಿ ಇನ್ನೊಂದು ಕಾರು ಹತ್ತಿ ದಲಾಲಿ ಬಸವಣ್ಣೆಪ್ಪನದು. ಒಂದು ಸಂಜೆ ಪೇಟೆಯಲ್ಲಿ ಹತ್ತು ಜನರ ನಡುವೆ ಆತ, "ವಕೀಲ್ರ, ನಿಮ್ಮ ಗಾಡಿ ಕಿತ್ತೂರ ಮಟಾ ಹೊಕ್ಕೈತೇನ್ರಿ? ಇಲ್ಲಾ ನಡುವ ಎತ್ತು ಹೂಡಬೇಕೋ?" ಎಂದ. ಎಲ್ಲರೂ ಹೋ ಎಂದು ನಕ್ಕರು. ಸುಮ್ಮನಿರಬೇಕಾಗಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆ ವಕೀಲರಿಗೆ ಅನ್ವಯಿಸುವುದಿಲ್ಲವೆಂದು ತಿಳಿದಿದ್ದೆ. "ಬರೂ ರವಿವಾರ ನೋಡೇ ಬಿಡೂಣಲ್ಲಾ! ಕಿತ್ತೂರಾಗ ನಮ್ಮ ಮಾವನವರ ಮನಿ ಬಾಗಲಕ ನಿಮ್ಮಕಿಂತ ಮೊದಲ ಮುಟ್ಟತೇನಿ" ಎಂದುಬಿಟ್ಟೆ. ಗುರಿಯಾಗಿ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಇವತ್ತಿಗೂ ನನ್ನನ್ನು ನಾನೇ ಬಯ್ದುಕೊಳ್ಳುತ್ತೇನೆ.

ನಮ್ಮದು ಹತ್ತಿಯ ಊರು. ಬೀಡಿಯ ಕಿಡಿ ಕಂಡರೂ ಗಿರಣಿಯವರು ಕೋಲು ಹಿಡಿದು ಅಟ್ಟಿಸಿಕೊಂಡು ಬರುವ ಊರು. ಹೀಗಾಗಿ ಸುದ್ದಿ ಕೇಳಿದ ಗಂಗಾ ಉರಿದೆದ್ದಳು. "ಪೆಟ್ರೋಲದ ಮ್ಯಾಲ ಕೂತು ಪಂದ್ಯಾ ಆಡ್ತೀರಾ? ಆ ಸಬಕಾರ ಕಳಚಿ ಬಿತ್ತಂದ್ರ ಏನು ಗತಿ? ನನ್ನ ಕುಂಕುಮ ಏನು ಪುಗಸಟ್ಟೆ ಬಂದದೇನ್ರೀ?" ನಾನು ನಗುತ್ತ ಕೇಳುತ್ತಿದ್ದವನು ಅವಳ ಕಣ್ಣಲ್ಲಿ ನೀರು ಕಂಡು ಎದ್ದು ಅವಳ ಹತ್ತಿರ ಹೋಗಿ ಕೂತೆ. ಪಾಪ, ಅವಳು ನಿಜವಾಗಿಯೂ ಹೆದರಿದ್ದಳು. ಕೊನೆಗೆ ರಾಜಿಯಾಯಿತು. ಪಂದ್ಯ ಮುಗಿದ ಮೇಲೆ ನನ್ನ ಮೈಮೇಲೆ ಒಂದೇ ಒಂದು ಸುಟ್ಟ ಗುರುತು ಕಂಡರೂ ಕಾರಿನ ಕೀಲಿ ಅವಳ ಕೈಗೆ, ಕಾರು ಗುಜರಿ ಮೋಡಕಾದವನಿಗೆ. ಇದು ಒಂದನೆಯ ಕರಾರು. ಎರಡನೆಯದು, ನಾನು ಧಾಬಳಿ ಉಟ್ಟು ಕಾರು ಓಡಿಸಬೇಕು.

ಧಾಬಳಿ ಎಂದರೆ ಪೂಜೆಗೆ, ಅಡುಗೆಗೆ ಮಡಿಯಲ್ಲಿ ಉಡುವ ಉಣ್ಣೆಯ ವಸ್ತ್ರ. ಉಟ್ಟವರನ್ನು ಯಾರೂ ಮುಟ್ಟುವಂತಿಲ್ಲ. "ನೂಲಿನ ಬಟ್ಟಿಗೆ ಕಿಡಿ ಹಾರಿದ್ರ ಭಗ್ ಅಂತದ. ಧಾಬಳಿಗೆ ಹಾರಿದ್ರ ಕೂದಲ ಸುಟ್ಟ ನಾತ ಬಂದು ಅಲ್ಲೇ ಆರ್ತದ. ಒಲಿ ಮುಂದ ಕೂತವರನ್ನ ಕೇಳ್ರಿ" ಎಂದಳು ಗಂಗಾ. ಮನೆಯಲ್ಲಿದ್ದ ಒಂದೇ ಧಾಬಳಿ ಅವ್ವನ ಸುಪರ್ದಿಯಲ್ಲಿತ್ತು. ಅವ್ವ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ ಮಗನ ಜೀವದ ಪ್ರಶ್ನೆ ಎಂದು ಕರಗಿ, ಕಾರಿಗೆ ನೀರು ಹಾಕಿಸಿ, ಚರ್ಮದ ಸೀಟು ಮೈಲಿಗೆಯೆಂದು ಅದರ ಮೇಲೆ ಒಂದು ಊಟದ ಮಣೆ ಇಡಿಸಿದಳು. "ಯಾರನ್ನೂ ಮುಟ್ಟಬ್ಯಾಡಪಾ, ಸೀದಾ ಹೋಗು, ಸೀದಾ ಬಾ" ಎಂದು ಹರಸಿದಳು. ಗಂಗಾ ಬೆಳಗಿನ ಬಸ್ಸಿಗೇ ತವರಿಗೆ ಹೋಗಿ ಕಾದು ಕುಳಿತಳು.

ಬಸವಣ್ಣೆಪ್ಪನೂ ನಾನೂ ಹೊರಟೆವು. ಬಿಸಿಲು ಏರುತ್ತಿತ್ತು. ಧಾಬಳಿ ಕಡಿಯುತ್ತಿತ್ತು. ಅರ್ಧ ಉಟ್ಟು ಅರ್ಧ ಹೊದ್ದ ನಾನು ಒಂದು ಕೈಯಿಂದ ಚಕ್ರ ಹಿಡಿದು ಇನ್ನೊಂದರಿಂದ ಮೈ ಕೆರೆದುಕೊಳ್ಳುತ್ತಿದ್ದೆ. ತಗ್ಗು ಬಂದಾಗಲೆಲ್ಲ ಮಣೆಯೂ ನಾನೂ ಬೇರೆ ಬೇರೆಯಾಗಿ ಹಾರಿ ಮತ್ತೆ ಕೂಡುತ್ತಿದ್ದೆವು. ಆದರೂ ಆ ಸಂತೋಷ ಏನು ಹೇಳಲಿ! ಎರಡೂ ಕಡೆ ಎರೆಹೊಲ, ಮುಖಕ್ಕೆ ಗಾಳಿ, ಅರ್ಧ ದಾರಿಯಲ್ಲಿ ಒಂದು ಹಳ್ಳಿಯ ಬಾವಿಯ ಹತ್ತಿರ ಬಸವಣ್ಣೆಪ್ಪನ ಕಾರನ್ನು ಹಿಂದೆ ಹಾಕಿಯೇಬಿಟ್ಟೆ. "ಹೋ!" ಎಂದು ಕೂಗಿದೆ. ಕೂಗು ಮುಗಿಯುವುದರೊಳಗೆ ಒಂದು ದೊಡ್ಡ ತಗ್ಗು. ಮಣೆ ಹಾರಿತು, ನಾನು ಹಾರಿದೆ, ನಳಿಗೆಯ ಸಬಕಾರವೂ ಹಾರಿತು. ಮೂಗಿಗೆ ಪೆಟ್ರೋಲು, ಕಣ್ಣಿಗೆ ಹೊಗೆ. ನಿಲ್ಲಿಸಿ ಇಳಿದು ಮುಚ್ಚಳ ಎತ್ತಿದರೆ ಒಳಗೆ ಬೆಂಕಿ ನಾಲಗೆ ಚಾಚುತ್ತಿದೆ.

ಅಷ್ಟರಲ್ಲಿ ಬಸವಣ್ಣೆಪ್ಪ ಬಂದ. ಧಾಬಳಿ ಉಟ್ಟ ನಾನು, ನನ್ನ ಮುಂದೆ ಹೊಗೆ. "ವಕೀಲ್ರ, ಹೋಮಕ್ಕ ಕುಂತ್ರೇನ್ರಿ? ಪ್ರಸಾದ ಕಿತ್ತೂರಿಗೆ ತರ್ರಿ!" ಎಂದು ಕೂಗಿ ಧೂಳೆಬ್ಬಿಸಿ ಹೋಗೇಬಿಟ್ಟ.

ಬಾವಿಯ ಕಡೆಯಿಂದ ಜನ ಓಡಿ ಬಂದರು. ದೇವರೇ ಕಳಿಸಿದ ಎಂದುಕೊಂಡೆ. ಆದರೆ ಮುಂದಿದ್ದ ಮುದುಕ ನನ್ನನ್ನು ನೋಡಿದವನೇ ಎರಡೂ ತೋಳು ಚಾಚಿ ಎಲ್ಲರನ್ನೂ ತಡೆದ. "ಏ, ನಿಂದರ್ರಿ! ಅಯ್ಯನವ್ರು ಮಡಿಯೊಳಗ ಅದಾರು, ಮುಟ್ಟಗಿಟ್ಟೀರಿ!" ಅಷ್ಟೂ ಜನ ಗೆರೆ ಕೊರೆದ ಹಾಗೆ ದೂರ ನಿಂತುಬಿಟ್ಟರು. ಇಬ್ಬರು ಕೈ ಬೇರೆ ಮುಗಿದರು. "ಮುಟ್ರಪಾ, ಏನೂ ಆಗೂದಿಲ್ಲ, ಬಂದು ಮಣ್ಣು ಹಾಕ್ರಿ!" ಎಂದು ಗೋಗರೆದೆ. "ಬ್ಯಾಡ್ರೀ ಯಪ್ಪಾ, ನಿಮ್ಮ ಮಡಿ ಕೆಡಿಸಿದ ಪಾಪ ನಮಗ್ಯಾಕ್ರಿ?" ಎಂದ ಮುದುಕ. ತಲೆತಲಾಂತರದಿಂದ ನಮ್ಮವರು ಅವರಿಗೆ ಕಲಿಸಿದ ಪಾಠ. ಅದನ್ನು ಎಷ್ಟು ಚೆನ್ನಾಗಿ ಕಲಿಸಿದ್ದೇವೆಂದು ಆಗ ತಿಳಿಯಿತು. ಆ ಗಳಿಗೆಯಲ್ಲಿ ಯಾರಾದರೂ ನನ್ನನ್ನು ಮುಟ್ಟಿದ್ದರೆ ಅವರ ಕಾಲು ಹಿಡಿಯುತ್ತಿದ್ದೆ.

ಬೇರೆ ದಾರಿ ಕಾಣಲಿಲ್ಲ. ಧಾಬಳಿಯನ್ನು ಬಿಚ್ಚಿ, ಮುದ್ದೆ ಮಾಡಿ ಬೆಂಕಿಯ ಮೇಲೆ ಒತ್ತಿ ಹಿಡಿದೆ. ಕೂದಲು ಸುಟ್ಟ ನಾತ ಬಂತು. ಬೆಂಕಿ ಕುಗ್ಗಿತು. ಲಂಗೋಟಿಯಲ್ಲಿ ನಿಂತಿದ್ದ ನನ್ನನ್ನು ಕಂಡು ಮುದುಕನ ಮುಖ ಅರಳಿತು. "ಈಗ ಮಡಿ ಬಿಟ್ರು, ಬರ್ರ್ಯೋ!" ಎಂದ. ಅದೇ ಜನ ಮೈಮೇಲೆ ಬಿದ್ದು ಬಂದರು. ಉಳಿದ ಕಿಡಿಗೆ ಮಣ್ಣು ಹಾಕಿದರು, ನನ್ನ ಬೆನ್ನು ತಟ್ಟಿದರು, ನೀರು ಕುಡಿಸಿದರು, ಸೀಟಿನ ಕೆಳಗಿನ ಡಬ್ಬಿಯಲ್ಲಿದ್ದ ಸಬಕಾರವನ್ನು ನಾನು ನಳಿಗೆಗೆ ಮತ್ತೆ ಮೆತ್ತಿದ ಮೇಲೆ ಕಾರನ್ನು ತಳ್ಳಿಯೂ ಕೊಟ್ಟರು. ಮುದುಕ ತನ್ನ ಹೆಗಲ ಮೇಲಿನ ಟವೆಲ್ಲನ್ನು ನನ್ನ ಸೊಂಟಕ್ಕೆ ತಾನೇ ಸುತ್ತಿದ. ಮಾನ ಕಾಪಾಡಿದವನು ಅವನು.

ಕಿತ್ತೂರಿನಲ್ಲಿ ಮಾವನವರು ಹಾರ ಹಿಡಿದು ನಿಂತಿದ್ದರು. ಬಸವಣ್ಣೆಪ್ಪ ಚಹಾ ಕುಡಿಯುತ್ತಿದ್ದ. ಟವೆಲ್ಲಿನಲ್ಲಿ ಇಳಿದ ಅಳಿಯನನ್ನು ಕಂಡು ಮಾವನವರು ಹಾರವನ್ನು ಮೆಲ್ಲಗೆ ಬಸವಣ್ಣೆಪ್ಪನ ಕೊರಳಿಗೇ ಹಾಕಿದರು. ಗಂಗಾ ಮಾತ್ರ ಓಡಿ ಬಂದು, ಬದನೆಕಾಯಿ ಆರಿಸುವವರಂತೆ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೈ, ಬೆನ್ನು, ಮೀಸೆ, ಎಲ್ಲ ನೆಟ್ಟಗೆ. ಒಂದೂ ಸುಟ್ಟ ಗುರುತಿಲ್ಲ. ಧಾಬಳಿಗೆ ಮಾತ್ರ ಹೋಳಿಗೆಯಷ್ಟು ಅಗಲದ ತೂತು. ಅವಳು ಎಲ್ಲರೆದುರೇ ಅತ್ತಳು, ಆಮೇಲೆ ನಕ್ಕಳು. "ಹೋಗ್ಲಿ ಬಿಡ್ರಿ. ಕರಾರ ಅಂದ್ರ ಕರಾರ, ಕೀಲಿ ನಿಮ್ಮ ಕಡೇನ ಇರ್ಲಿ. ಆದ್ರ ಉರಿಯೂದು ಕಾರು, ನೀವಲ್ಲ. ಇನ್ನಮ್ಯಾಲ ಧಾಬಳಿ ಕಾರಿನಾಗ ಇರ್ತದ" ಎಂದಳು. ನಾನು ಗೆದ್ದೆನೆಂದೇ ತಿಳಿದೆ.

ಸಂಜೆ ಊರಿಗೆ ಮರಳಿದ ಮೇಲೆ ಅವ್ವ ಆ ಧಾಬಳಿಯನ್ನು ಒಗೆದು, ರಾತ್ರಿಯಿಡೀ ಯಾರೂ ಮುಟ್ಟದಂತೆ ಒಣಗಿಸಿ, ಮರುದಿನ ಕೋಲಿನಿಂದ ಎತ್ತಿ ಕಾರಿನೊಳಗೆ ಹರವಿದಳು. ನಾನು ಕೋಟು ತೊಟ್ಟು ಕೋರ್ಟಿಗೆ ಹೊರಟು ಕಾರಿನ ಬಾಗಿಲಿಗೆ ಕೈ ಹಾಕಿದೆ. "ಏ, ಮುಟ್ಟಬ್ಯಾಡ!" ಎಂದು ಅವ್ವ ಕಿರುಚಿದಳು. "ಕಾರು ಮಡಿಯೊಳಗ ಅದ. ಸ್ನಾನಾ ಮಾಡಿ, ಧಾಬಳಿ ಉಟ್ಟಗೊಂಡು ಬಂದು ಮುಟ್ಟು." ಮನೆಯಲ್ಲಿದ್ದ ಒಂದೇ ಧಾಬಳಿ ಕಾರಿನೊಳಗಿತ್ತು. ಗಂಗಾ ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಕೀಲಿಯನ್ನು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು ಕೋರ್ಟಿಗೆ ನಡೆದುಕೊಂಡು ಹೋದೆ.