ಹಿಡಿದದ್ದನ್ನು ಬಿಡದ ಎಡಗಡೆಯ ಕ್ಯಾಲಿಪರ್ ಅವರಿಗೆ

ಮಾನ್ಯರೇ,

ನಮ್ಮ ಬಿಳಿ ಕಾರಿನ ಎಡ ಮುಂಚಕ್ರದೊಳಗೆ, ಕೆಸರಿನಲ್ಲಿ ಮುಖ ಮರೆಸಿಕೊಂಡು ವರ್ಷಗಟ್ಟಲೆ ಸೇವೆ ಸಲ್ಲಿಸಿರುವ ತಮಗೆ, ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ ಏಕಾಂತಪ್ಪನ ಗೌರವಪೂರ್ವಕ ನಮಸ್ಕಾರಗಳು. ಪೆಡಲ್ ಒತ್ತಿದಾಗ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಗಟ್ಟಿಯಾಗಿ ಹಿಡಿಯುವುದು, ಕಾಲೆತ್ತಿದ ಕೂಡಲೇ ಬಿಡುವುದು, ಇವೆರಡೇ ಬ್ರೇಕ್ ಕ್ಯಾಲಿಪರ್ ಆದ ತಮ್ಮ ಕರ್ತವ್ಯಗಳೆಂದು ಕೇಳಿದ್ದೇನೆ. ಮೊದಲನೆಯದನ್ನು ತಾವು ಎಷ್ಟು ನಿಷ್ಠೆಯಿಂದ ನಿಭಾಯಿಸಿದಿರೆಂದರೆ ಎರಡನೆಯದಕ್ಕೆ ತಮಗೆ ಪುರಸೊತ್ತೇ ಸಿಗಲಿಲ್ಲ.

ಎರಡು ಸಾವಿರದ ಮೂರರ ಮಳೆಗಾಲ ಕಳೆದ ಮೇಲೆ ಕಾರು ಎಡಕ್ಕೆ ಎಳೆಯತೊಡಗಿದಾಗ ನಾನು ರಸ್ತೆಯ ಓರೆಯನ್ನು ದೂರಿದೆ. ಪೆಟ್ರೋಲ್ ಬೇಗ ಮುಗಿಯತೊಡಗಿದಾಗ ಬಂಕಿನವರನ್ನು ಶಂಕಿಸಿದೆ. ಕಾರಿನ ಪತ್ರಿಕೆಗಳನ್ನು ಓದುವವನೂ, ಮದುವೆ ಮನೆಗಳಲ್ಲಿ ಕಂಡವರ ಗಾಡಿಗಳಿಗೆ ಕೇಳದೆಯೇ ಸಲಹೆ ಕೊಡುವವನೂ ಆದ ನನಗೆ ತಮ್ಮ ಮೇಲೆ ಮಾತ್ರ ಸಂಶಯ ಬರಲಿಲ್ಲ. ಬಗ್ಗಿ ನೋಡೋಣವೆಂದರೆ ಹೊಟ್ಟೆ ಅಡ್ಡ ಬರುತ್ತಿತ್ತು.

ಹೀಗಿರುವಾಗ ನನ್ನ ಅತ್ತೆ ವಿಶಾಲಾಕ್ಷಮ್ಮನವರನ್ನು ಹೊರನಾಡಿನ ದೇವಸ್ಥಾನಕ್ಕೆ ಕರೆದೊಯ್ಯುವ ಸುಯೋಗ ಒದಗಿತು. ಹೆಂಡತಿ ಸುಕನ್ಯಾ ನನ್ನ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ. ಕಳಸದ ಕಡೆಗೆ ಇಳಿಯುತ್ತಿದ್ದಾಗ ಅತ್ತೆಯವರು, "ಎಂತದೋ ಸುಟ್ಟ ವಾಸನೆ ಬರ್ತಾ ಉಂಟಲ್ಲ" ಎಂದರು. ಅದು ಮುಂದಿನ ಲಾರಿಯದ್ದೆಂದು ತಿಳಿಸಿ, ಲಾರಿ ಚಾಲಕರು ಇಳಿಜಾರಿನಲ್ಲಿ ಮಾಡುವ ತಪ್ಪುಗಳ ಕುರಿತು ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಲಾರಿ ಬಲಕ್ಕೆ ಎಸ್ಟೇಟೊಂದರೊಳಗೆ ತಿರುಗಿ ಹೋಯಿತು. ವಾಸನೆ ನಮ್ಮ ಜೊತೆಗೇ ಉಳಿಯಿತು.

ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಬೆಣ್ಣೆಯೊಳಗೆ ಇಳಿದಂತೆ ತಳ ಮುಟ್ಟಿತು. ತಮ್ಮ ಅಪ್ಪುಗೆಯ ಕಾವಿಗೆ ಬ್ರೇಕ್ ಎಣ್ಣೆ ಕುದಿದು ಗುಳ್ಳೆ ಎದ್ದಿತ್ತಂತೆ. ಬಲಕ್ಕೆ ಕಣಿವೆ, ಎಡಕ್ಕೆ ಮಣ್ಣಿನ ದಿಬ್ಬ. ನನ್ನ ತಲೆಯೊಳಗಿದ್ದ ಪತ್ರಿಕೆಗಳೆಲ್ಲ ಒಮ್ಮೆಲೇ ಖಾಲಿಯಾದವು. "ಗೇರ್ ಇಳಿಸಿ, ದಿಬ್ಬಕ್ಕೆ ಉಜ್ಜಿಸಿ" ಎಂದು ಸುಕನ್ಯಾ ಹ್ಯಾಂಡ್‌ಬ್ರೇಕನ್ನು ತಾನೇ ಮೆಲ್ಲಗೆ ಎಳೆಯತೊಡಗಿದಳು. ಕಾರು ಜರಿಗಿಡಗಳನ್ನು ಸವರುತ್ತ ಹೋಗಿ ದಿಬ್ಬಕ್ಕೆ ಮೂತಿಯಿಟ್ಟು ನಿಂತಿತು. ನನ್ನ ಕೈ ಸ್ಟಿಯರಿಂಗ್ ಬಿಟ್ಟು ಬರಲೇ ಇಲ್ಲ. ಆ ಗಳಿಗೆಯಲ್ಲಿ ತಮ್ಮದೂ ನನ್ನದೂ ಕಾಯಿಲೆ ಒಂದೇ ಆಗಿತ್ತು. ಹಿಂದಿನಿಂದ ಅತ್ತೆಯವರು ಸಮಾಧಾನವಾಗಿ ಕೇಳಿದರು: "ಇಳಿಯೋದಾ, ಅಥವಾ ಇನ್ನೂ ಸ್ವಲ್ಪ ಹೇಳೋದು ಬಾಕಿ ಉಂಟಾ?"

ಸುಕನ್ಯಾ ಚಕ್ರಗಳ ಮೇಲೆ ನೀರು ಚಿಮುಕಿಸಿದಳು. ಬಲಗಡೆಯದರ ಮೇಲೆ ನೀರು ಸುಮ್ಮನೆ ಹರಿಯಿತು. ತಮ್ಮ ಮೇಲೆ ಬಿದ್ದದ್ದು ಒಗ್ಗರಣೆಯಂತೆ ಚುರುಗುಟ್ಟಿತು. ಅತ್ತೆಯವರು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಹೊರನಾಡಿಗೆ ಹೊರಟೇಹೋದರು.

ಅದೇ ಬಸ್ಸಿನವರಿಂದ ಸುದ್ದಿ ತಿಳಿದು ಕಳಸದ ಮೆಕ್ಯಾನಿಕ್ ಭೂತಯ್ಯ ಜೀಪಿನಲ್ಲಿ ಬಂದರು. ಜಾಕ್ ಕೊಟ್ಟು ಎತ್ತಿದರೂ ಎಡಚಕ್ರ ತಿರುಗಲಿಲ್ಲ. ಎಣ್ಣೆ ಬಿಡುವ ತಿರುಪನ್ನು ಸಡಿಲಿಸಿ, "ಈಗ ಬಿಟ್ರೆ ತಪ್ಪು ಪೈಪಿಂದು, ಬಿಡದಿದ್ರೆ ಈ ಕ್ಯಾಲಿಪರಿಂದೇ" ಎಂದರು. ತಾವು ಬಿಡಲಿಲ್ಲ. ಬಿಚ್ಚಿ ನೋಡಿದರೆ ಧೂಳು ತಡೆಯುವ ರಬ್ಬರ್ ಹರಿದು, ಒಳಗಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾರನ್ನು ಕಳಸಕ್ಕೆ ಎಳೆಸಿ, ಮೂಡಿಗೆರೆಯಿಂದ ಬಸ್ಸಿನಲ್ಲಿ ಸಾಮಾನು ತರಿಸಿ, ಪಿಸ್ಟನ್, ರಬ್ಬರ್, ಪ್ಯಾಡುಗಳನ್ನು ಬದಲಿಸಿ, ಹೊಸ ಎಣ್ಣೆ ತುಂಬಿಸಿದ್ದಾಯಿತು. ಎಣ್ಣೆಯ ಪೈಪಿನೊಳಗಿನ ಗಾಳಿ ತೆಗೆಯುವಾಗ ಪೆಡಲ್ ಒತ್ತುವ ಗೌರವ ನನ್ನದಾಗಿತ್ತು. ನಾನು ಬಾಯಿ ಹಾಕಿದಾಗಲೆಲ್ಲ ಕಾಲೂ ಸಡಿಲವಾಗಿ ಗಾಳಿ ಮತ್ತೆ ಒಳಸೇರುತ್ತಿತ್ತು. "ಮಾತು ಆಮೇಲೆ ಮಾರಾಯ್ರೆ, ಮೊದಲು ಒತ್ತಿ ಹಿಡ್ಕೊಳಿ" ಎಂದರು ಭೂತಯ್ಯ. ಸುಕನ್ಯಾ ಮುಖ ತಿರುಗಿಸಿ ನಕ್ಕಳು.

ಆದ್ದರಿಂದ ತಮ್ಮಲ್ಲಿ ಅರಿಕೆಯೇನೆಂದರೆ, ಮುಂದೆ ಕಚ್ಚಿಕೊಳ್ಳುವ ಮನಸ್ಸಾದಲ್ಲಿ ದಯಮಾಡಿ ಶೆಡ್ಡಿನಲ್ಲಿ, ಭಾನುವಾರ, ಅತ್ತೆಯವರು ಇಲ್ಲದಾಗ ಕಚ್ಚಿಕೊಳ್ಳಿ. ಸಾಧ್ಯವಾದರೆ ಹದಿನೈದು ದಿನ ಮೊದಲು ತಿಳಿಸಿ.

ತಮ್ಮ ಬಿಸಿಯನ್ನು ಇನ್ನೂ ಮರೆಯದ,
ತಮ್ಮ ವಿಶ್ವಾಸಿ,
ಏಕಾಂತಪ್ಪ

ಪುನಶ್ಚ: ಕಾರನ್ನು ಈಗ ಸುಕನ್ಯಾ ಓಡಿಸುತ್ತಾಳೆ. ನಾನು ಎಡಗಡೆಯ ಸೀಟಿಗೆ ವರ್ಗವಾಗಿ ತಮ್ಮ ಸನಿಹಕ್ಕೇ ಬಂದಿದ್ದೇನೆ. ಸಲಹೆ ಏನಾದರೂ ಬೇಕಿದ್ದಲ್ಲಿ ಸಂಕೋಚಪಡಬೇಡಿ. ಈ ಕಾರಿನಲ್ಲಿ ಅದನ್ನು ಕೇಳುವವರು ಬೇರೆ ಯಾರೂ ಉಳಿದಿಲ್ಲ.