ಸೀಟಿಗಾಗಿ ಒಂದು ಸ್ಟೇಷನ್ ಹಿಂದಕ್ಕೆ

ರಾಮನಗರದಿಂದ ಬೆಂಗಳೂರಿಗೆ ಆರು ವರ್ಷದಿಂದ ಪಾಸಿನಲ್ಲಿ ಓಡಾಡುತ್ತಿರುವ ನನಗೆ ರೈಲಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಂಬಿದ್ದೆ. ಯಾವ ಬೋಗಿ ಎಲ್ಲಿ ನಿಲ್ಲುತ್ತದೆ, ಯಾವ ಕಿಟಕಿಯಿಂದ ಕರ್ಚೀಫು ಎಸೆದರೆ ಯಾವ ಸೀಟಿನ ಮೇಲೆ ಬೀಳುತ್ತದೆ, ಎಲ್ಲವೂ ಬಾಯಿಪಾಠ.

ಆದ್ದರಿಂದ ಸಾತನೂರಿನಿಂದ ನಮ್ಮ ಮನೆಗೆ ಬಂದಿದ್ದ ಅತ್ತೆಯ ಮಂಡಿಯನ್ನು ಬೆಂಗಳೂರಿನ ಮೂಳೆ ಡಾಕ್ಟರಿಗೆ ತೋರಿಸುವ ಜವಾಬ್ದಾರಿ ಬಂದಾಗ ಹಿಗ್ಗಿಹೋದೆ. ಆ ಡಾಕ್ಟರು ನೋಡುವುದು ಗುರುವಾರ ಮಾತ್ರ. ಹತ್ತು ಗಂಟೆಯೊಳಗೆ ಮುಟ್ಟದಿದ್ದರೆ ಅತ್ತೆ ಇನ್ನೊಂದು ವಾರ ನೋವು ತಿನ್ನಬೇಕು.

"ಬೆಳಿಗ್ಗೆ ರೈಲಲ್ಲಿ ಕಾಲಿಡಕೂ ಜಾಗ ಇರಕಿಲ್ಲ. ಅವ್ವ ಹೆಂಗ್ರೀ ನಿಂತ್ಕತದೆ?" ಎಂದಳು ಹೆಂಡತಿ ಪದ್ಮಾ.

ನಾನು ನಕ್ಕೆ. ಪಾಸಿನವರ ಗುಟ್ಟು ಇವಳಿಗೇನು ಗೊತ್ತು! ಮೈಸೂರು ಕಡೆಯ ರೈಲು ಹತ್ತಿ ಒಂದು ಸ್ಟೇಷನ್ ಹಿಂದಕ್ಕೆ, ಚನ್ನಪಟ್ಟಣಕ್ಕೆ ಹೋಗುವುದು. ಅಲ್ಲಿ ಬೆಂಗಳೂರು ರೈಲು ಹತ್ತಿ ಸೀಟು ಹಿಡಿಯುವುದು. ರಾಮನಗರದ ಜನ ನುಗ್ಗುವ ಹೊತ್ತಿಗೆ ನಾವು ಕಿಟಕಿ ಪಕ್ಕ ಕಡಲೆಕಾಯಿ ಬಿಡಿಸುತ್ತಿರುತ್ತೇವೆ.

ಮೈಸೂರು ಕಡೆಯ ಪ್ಲಾಟ್‌ಫಾರಂಗೆ ಮೇಲ್ಸೇತುವೆ ಹತ್ತಿ ಇಳಿಯಬೇಕು ಎಂಬ ಸಂಗತಿ ಮಾತ್ರ ಯೋಜನೆಯಿಂದ ಬಿಟ್ಟುಹೋಗಿತ್ತು.

"ಇದ್ಯಾವ ಬೆಟ್ಟ ಅಳಿಯಂದ್ರೇ?" ಎಂದರು ಅತ್ತೆ, ಕಂಬಿ ಹಿಡಿದು.

"ಒಸಿ ಹತ್ತಿ ಅತ್ತೆ, ಕೂರಕ್ಕೆ ಸೀಟು ಸಿಗ್ತದೆ."

ಕೂರಿಸುವುದಕ್ಕಾಗಿ ಮಂಡಿನೋವಿನವರನ್ನು ಬೆಟ್ಟ ಹತ್ತಿಸಿದ ಅಳಿಯ ಇನ್ನೊಬ್ಬನಿರಲಾರ!

ರೈಲು ಬಂತು, ಖಾಲಿಯಾಗಿಯೇ ಇತ್ತು. "ನೋಡಿದ್ಯಾ?" ಎಂದು ಪದ್ಮಾಳ ಕಡೆ ಮೀಸೆ ತಿರುವಿದೆ. ಚನ್ನಪಟ್ಟಣ ಇನ್ನೇನು ಬಂತು ಎನ್ನುವಾಗ ರೈಲು ಸಿಗ್ನಲ್‌ಗೆ ನಿಂತಿತು. ಐದು ನಿಮಿಷವಾಯಿತು. ಹತ್ತಾಯಿತು. ನನ್ನ ಮೀಸೆ ಬೆವರತೊಡಗಿತು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ಹಾರನ್ ಹೊಡೆಯುತ್ತ ಒಂದು ರೈಲು ಎದುರಿನಿಂದ ಬಂದು ದಾಟಿತು. ನಾವು ಹತ್ತಬೇಕಾದ ಬೆಂಗಳೂರು ರೈಲು!

"ಅಗೋ ಅಳಿಯಂದ್ರೇ," ಅತ್ತೆ ಕಿಟಕಿಯಿಂದ ಬೆರಳು ತೋರಿಸಿದರು. "ಅದ್ರಲ್ಲಿ ಎಷ್ಟೊಂದು ಸೀಟು ಖಾಲಿ ಐತೆ!"

ನನ್ನ ಲೆಕ್ಕಾಚಾರದಲ್ಲಿ ಅದೊಂದೇ ಸರಿಯಾಗಿದ್ದದ್ದು.

ಮುಂದಿನ ರೈಲಿಗೆ ಕಾದರೆ ಡಾಕ್ಟರು ಎದ್ದುಹೋಗುತ್ತಿದ್ದರು. ಚನ್ನಪಟ್ಟಣದಲ್ಲಿ ಇಳಿದು, ಅಲ್ಲಿಯ ಮೆಟ್ಟಿಲನ್ನೂ ಹತ್ತಿಸಿ, ಬಸ್ಸಿಗೆ ಓಡಿಸಿದೆ. ಬಸ್ಸು ಗಿಜಿಗುಡುತ್ತಿತ್ತು. ಕಂಬಕ್ಕೆ ಜೋತುಬಿದ್ದ ಅತ್ತೆ ಹಲ್ಲು ಕಚ್ಚಿ ನೋವು ನುಂಗುತ್ತಿದ್ದರು. ದಾರಿಯುದ್ದಕ್ಕೂ ಟ್ರಾಫಿಕ್ಕು. ರಾಮನಗರ ತಲುಪುವಾಗಲೇ ಒಂಬತ್ತೂ ಮುಕ್ಕಾಲು.

"ಇನ್ನೆಲ್ಲಿ ಡಾಕ್ಟ್ರು, ಇಳೀರಿ. ಊರು ಬಂತಲ್ಲ," ಎಂದರು ಅತ್ತೆ. ಮೂರು ಗಂಟೆ ಪ್ರಯಾಣ ಮಾಡಿ ರಾಮನಗರದಿಂದ ರಾಮನಗರಕ್ಕೆ ಯಶಸ್ವಿಯಾಗಿ ಬಂದು ಸೇರಿದೆವು!

ಮುಂದಿನ ಗುರುವಾರ ತಾಯಿ ಮಗಳು ನನಗೆ ಹೇಳದೆ ರಾಮನಗರದಲ್ಲೇ ಆ ಬೆಂಗಳೂರು ರೈಲು ಹತ್ತಿದ್ದಾರೆ. ಅತ್ತೆ ಕುಂಟುವುದನ್ನು ಕಂಡದ್ದೇ ತಡ, ಪಾಸಿನವರೊಬ್ಬರು ಎದ್ದು ಕಿಟಕಿ ಪಕ್ಕದ ಸೀಟನ್ನೇ ಬಿಟ್ಟುಕೊಟ್ಟರಂತೆ. ಕೊಟ್ಟವರು ಮರುಕದಿಂದ ಕೇಳಿದರಂತೆ, "ಇಷ್ಟು ನೋವಲ್ಲಿ ನೀವೇ ಬಂದಿದ್ದೀರಲ್ಲವ್ವಾ, ಮನೇಲಿ ಗಂಡಸರು ಯಾರೂ ಇಲ್ವಾ?"

ಅತ್ತೆ ಹೇಳಿದರಂತೆ, "ಅವ್ರೆ ಕಣಪ್ಪಾ. ಅದ್ಕೇ ನಾವೇ ಬಂದ್ವಿ."