ರೂಟರ್ ಬೀರುವಿನಲ್ಲಿ, ಪಾಸ್‌ವರ್ಡ್ ಬಸ್‌ಸ್ಟ್ಯಾಂಡಿನಲ್ಲಿ

ಮನೆಮನೆಗೆ ವೈಫೈ ಹಾಕುವುದು, ಕ್ಯಾಮೆರಾ ಕೂರಿಸುವುದು ನನ್ನ ಕೆಲಸ. ಅಂಗಡಿ ಸಾಗರದಲ್ಲಿ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಕರೆ ಬಂದರೂ ಸ್ಕೂಟಿ ಹತ್ತಿ ಹೊರಡುತ್ತೇನೆ. ಯಂತ್ರ ಕೆಟ್ಟಿದೆ ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಆ ಮನೆಯಲ್ಲಿ ಸರಿಯಾಗಿರುವುದು ಯಂತ್ರ ಒಂದೇ. ಒಂದು ವಾರ ಇಂಥದ್ದು ಏನೂ ಆಗಲಿಲ್ಲ ಅಂದರೆ ನನ್ನ ಫೋನೇ ಹಾಳಾಗಿದೆಯೋ ಏನೋ ಅಂತ ತೆಗೆದು ನೋಡಿಕೊಳ್ಳುತ್ತೇನೆ.

ಗಂಡಸರು ಯಾರೂ ಇಲ್ವಾ?

ಸಾಗರದಲ್ಲೇ ಒಬ್ಬ ಕಂಟ್ರಾಕ್ಟರು. ಮೂರು ಮಹಡಿ ಮನೆ. ನೆಟ್ ಬರುತ್ತಿಲ್ಲ ಅಂತ ಅಂಗಡಿಗೆ ಫೋನ್ ಮಾಡಿದರು. ನಾನು ಎತ್ತಿದೆ.

"ಟೆಕ್ನಿಶಿಯನ್‌ಗೆ ಕೊಡಮ್ಮ."

"ನಾನೇ ಸಾರ್. ಹೇಳಿ."

"ಹಾಗಲ್ಲ. ಕೆಲಸ ಗೊತ್ತಿರೋವ್ರು ಯಾರಾದ್ರೂ."

"ಕೆಲಸ ಮಾಡೋದು ನಾನೇ ಸಾರ್. ನಿಮ್ಮ ಮನೆಗೆ ಲೈನ್ ಎಳೆದಿದ್ದೂ ನಾನೇ. ಏಣಿ ಮೇಲಿದ್ದೆ, ನೀವೇ ಕೆಳಗಿಂದ ಕಾಫಿ ಬೇಕಾ ಅಂತ ಕೇಳಿದ್ರಿ."

"ಅದು ಸರಿ. ಮನೇಲಿ ಯಜಮಾನ್ರಿದ್ರೆ ಕೊಡಿ, ನಾನು ಅವ್ರ ಹತ್ರ ಮಾತಾಡ್ತೀನಿ."

ನನ್ನ ಯಜಮಾನರು ಟೈಲರು. ಅಂಗಡಿಯ ಇನ್ನೊಂದು ಭಾಗದಲ್ಲಿ ಯಾರದ್ದೋ ಮದುವೆಯ ರವಿಕೆಗೆ ತೋಳು ಕೂರಿಸುತ್ತಿದ್ದರು. ಬಾಯಲ್ಲಿ ಗುಂಡುಸೂಜಿ. ಫೋನ್ ಅವರ ಕಿವಿಗೆ ಹಿಡಿದೆ. ಆ ಕಡೆಯಿಂದ ಕಂಟ್ರಾಕ್ಟರು ಕೆಂಪು ದೀಪ, ಹಸಿರು ದೀಪ ಅಂತ ಐದು ನಿಮಿಷ ವಿವರಿಸಿದರು. ಇವರು ಗುಂಡುಸೂಜಿ ತೆಗೆದು, ದಿನಾ ನನ್ನ ಬಾಯಿಂದ ಕೇಳಿ ಕೇಳಿ ಬಾಯಿಪಾಠ ಆಗಿದ್ದ ಒಂದೇ ಮಾತು ಹೇಳಿದರು:

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್."

ಸರಿಯಾಯಿತು. ಕಂಟ್ರಾಕ್ಟರಿಗೆ ಪರಮ ಸಂತೋಷ. "ನೋಡಿ, ಇದಕ್ಕೇ ಹೇಳೋದು, ಗೊತ್ತಿದ್ದವ್ರ ಹತ್ರ ಮಾತಾಡ್ಬೇಕು ಅಂತ" ಅಂದರಂತೆ.

ಆ ಮನೆಗೆ ಇವತ್ತಿಗೂ ನನ್ನ ಯಜಮಾನರೇ ನೆಟ್‌ವರ್ಕ್ ಇಂಜಿನಿಯರು. ಮೊನ್ನೆ ಈ ಇಂಜಿನಿಯರು ನಮ್ಮ ಮನೆಯ ರೂಟರ್ ನೋಡಿ, "ಇದ್ರಲ್ಲಿ ಕನ್ನಡ ಚಾನೆಲ್ ಯಾಕೆ ಬರಲ್ಲ?" ಅಂತ ಕೇಳಿದರು.

ಬೀರುವಿನೊಳಗಿನ ವೈಫೈ

ತೀರ್ಥಹಳ್ಳಿಯ ಈ ಹಿರಿಯರು ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತರಾದವರು. ಈಗ ಪೂರ್ತಿ ಹೊತ್ತು ಫೋನಿನಲ್ಲಿ ಟೆಕ್ನಾಲಜಿ ಸುದ್ದಿ ನೋಡುತ್ತಾರೆ. ಟಿವಿ ನಮ್ಮ ಮಾತು ಕದ್ದು ಕೇಳುತ್ತದೆ, ಬಲ್ಬು ನಮ್ಮ ಫೋಟೋ ತೆಗೆಯುತ್ತದೆ, ಇಂಥವೆಲ್ಲ ಅವರಿಗೆ ಬೆಳಗಿನ ತಿಂಡಿಗೆ ಮುಂಚೆಯೇ ಗೊತ್ತಾಗಿರುತ್ತದೆ.

ವೈಫೈ ಹಾಕಿ ಬಂದು ವಾರ ಕಳೆದಿರಲಿಲ್ಲ, ಅವರ ಮನೆಯವರು ಫೋನ್ ಮಾಡಿದರು. ಸಾಗರ ಕಡೆಯ ತೋಟದವರ ಮನೆ ಮಗಳು, ಮನೆಮಾತು ಬಿಟ್ಟಿಲ್ಲ. "ನೆಟ್ಟು ಬತ್ತಿಲ್ಲೆ ತಂಗಿ, ಎಂತ ಆತು ನೋಡು ಬಾ" ಅಂದರು.

ಹೋದೆ. ಗೋಡೆಯ ಮೇಲೆ ರೂಟರ್ ಇಲ್ಲ. ವೈರು ಮಾತ್ರ ನೆಲದ ಮೇಲೆ ಹರಿದುಕೊಂಡು ಹೋಗಿ ಮಲಗುವ ಕೋಣೆಯ ಸ್ಟೀಲ್ ಬೀರುವಿನ ಸಂದಿಯಲ್ಲಿ ಮಾಯವಾಗಿತ್ತು.

"ರೂಟರ್ ಬೀರು ಒಳಗಿದೆಯಾ ಸಾರ್?"

"ಹೌದಮ್ಮ. ಅದ್ರಿಂದ ಕಿರಣ ಬರ್ತದಂತೆ. ವಿಡಿಯೋದಲ್ಲಿ ತೋರಿಸಿದ್ದಾರೆ. ದಪ್ಪ ತಗಡು ಇದ್ರೆ ದಾಟಿ ಬರಲ್ಲ."

"ಅದಕ್ಕೇ ನೆಟ್ ಬರ್ತಾ ಇಲ್ಲ ಸಾರ್."

"ನೆಟ್ ಬರ್ಲಿ, ಕಿರಣ ಬರ್ಬಾರ್ದು."

"ಆ ಕಿರಣಾನೇ ನೆಟ್ಟು ಸಾರ್. ನೀವು ದುಡ್ಡು ಕೊಟ್ಟು ತರಿಸಿಕೊಂಡಿರೋದು ಅದನ್ನೇ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬ್ಯಾಂಕಿನಲ್ಲಿ ಎಷ್ಟೋ ಸಾಲದ ಅರ್ಜಿ ತಿರಸ್ಕರಿಸಿದ ನೋಟ ಅದು. ಆಮೇಲೆ ಬೀರುವಿನ ಬಾಗಿಲು ಅರ್ಧ ತೆರೆದು, "ಇಷ್ಟು ಸಾಕಾ?" ಅಂದರು. ಸಿಲ್ಕ್ ಸೀರೆಗಳ ನಡುವೆ ರೂಟರ್ ಪಿಳಿಪಿಳಿ ಅನ್ನುತ್ತಿತ್ತು, ನುಸಿಗುಳಿಗೆಯ ವಾಸನೆ ಬೇರೆ.

ಈಗ ಆ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ದಿನವಿಡೀ ಬೀರು ಮುಚ್ಚಿರುತ್ತದೆ. ವೈಫೈ ಕಿರಣದ ಅಪಾಯದ ಬಗ್ಗೆ ಹೊಸ ವಿಡಿಯೋ ಬಂದಿದೆ ಅಂತ ಯಾರಾದರೂ ಹೇಳಿದಾಗ ಮಾತ್ರ ತೆರೆಯುತ್ತಾರೆ. ಅದನ್ನು ನೋಡಲು ನೆಟ್ ಬೇಕಲ್ಲ.

ಮೂರಾ, ಆರಾ

ರಿಪ್ಪನ್‌ಪೇಟೆಯಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೇ ಒಂದು ಹೋಟೆಲು. ಅದರ ಯಜಮಾನರು ದಿನ ಬಿಟ್ಟು ದಿನ ಫೋನ್ ಮಾಡಿ, "ನಿಮ್ಮ ನೆಟ್ಟು ಆಮೆಯಂಗೆ ಹೋಗ್ತಿದೆ" ಅಂತ ಬೈಯುತ್ತಿದ್ದರು. ಗಿರಾಕಿಗಳಿಗೆ ವೈಫೈ ಕೊಟ್ಟಿಲ್ಲ, ತಾವು ಮತ್ತು ಅಡುಗೆಭಟ್ಟರು ಇಬ್ಬರೇ ಬಳಸುವುದು ಅಂತ ಆಣೆ ಬೇರೆ.

ಹೋಗಿ ತೆರೆದು ನೋಡಿದರೆ, ಅವರ ವೈಫೈಗೆ ಒಂದು ಬಸ್ಸಿನಷ್ಟು ಜನ ಸೇರಿಕೊಂಡಿದ್ದಾರೆ. ಎಲ್ಲರನ್ನೂ ಕಿತ್ತುಹಾಕಿ, ಹೊಸ ಪಾಸ್‌ವರ್ಡ್ ಹಾಕಿ, ಅವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ. "ಯಾರಿಗೂ ಹೇಳ್ಬೇಡಿ ಯಜಮಾನ್ರೇ. ಇದು ಮನೆ ಬೀಗದ ಕೈ ಇದ್ದ ಹಾಗೆ."

"ನಾನ್ಯಾಕೆ ಹೇಳ್ಲಿ? ನನ್ನ ಬಾಯಿಂದ ಒಂದು ಗುಟ್ಟು ಹೊರಗೆ ಬಿದ್ದಿದ್ದಿಲ್ಲ" ಅಂದರು.

ಅಷ್ಟರಲ್ಲಿ ಒಳಗಿಂದ ಭಟ್ಟರು ಕೂಗಿದರು. "ನಂದು ಕಟ್ಟಾಯ್ತು. ಹೊಸದು ಏನು?"

ಯಜಮಾನರು ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲಿಂದಲೇ, ದೋಸೆಯ ಆರ್ಡರ್ ಹೇಳುವ ಗಂಟಲಿನಲ್ಲಿ, ಅಕ್ಷರ ಅಕ್ಷರ ಬಿಡಿಸಿ ಕೂಗಿದರು. ದೊಡ್ಡಕ್ಷರ ಯಾವುದು, ಸಣ್ಣಕ್ಷರ ಯಾವುದು ಅನ್ನುವುದನ್ನೂ ಬಿಡಲಿಲ್ಲ. ಎದುರಿಗೆ ನಿಂತಿದ್ದ ಬಸ್ಸಿನ ಕಿಟಕಿಗಳಲ್ಲಿ ಅಷ್ಟೂ ತಲೆಗಳು ಒಟ್ಟಿಗೆ ಫೋನಿನ ಮೇಲೆ ಬಗ್ಗಿದವು.

ನಾನು ತಲೆ ಮೇಲೆ ಕೈ ಇಟ್ಟುಕೊಂಡು, ಇನ್ನೊಂದು ಸಲ ಬದಲಾಯಿಸೋಣ ಅಂತ ಹೇಳಲು ಬಾಯಿ ತೆರೆದೆ. ಆಗ ಕಂಡಕ್ಟರು ಮೆಟ್ಟಿಲ ಮೇಲಿಂದ ಕತ್ತು ಚಾಚಿ ಕೇಳಿದ:

"ಯಜಮಾನ್ರೇ, ಆ ಕೊನೇದು ಮೂರಾ, ಆರಾ? ಬಸ್ ಹೊರಡ್ತಾ ಇದೆ."

"ಆರು" ಅಂದರು ಯಜಮಾನರು.

ಎದುರು ಮನೆ

ಹೊಸನಗರದಲ್ಲಿ ಒಬ್ಬರು ಕಳ್ಳರ ಕಾಟ ಅಂತ ಕ್ಯಾಮೆರಾ ಹಾಕಿಸಿಕೊಂಡರು. ನಾನು ಅವರ ಗೇಟಿನ ಕಡೆ ತಿರುಗಿಸಿ ಕೂರಿಸುತ್ತಿದ್ದೆ. ಅವರು ಕೆಳಗೆ ನಿಂತು ಫೋನಿನಲ್ಲಿ ಚಿತ್ರ ನೋಡುತ್ತಾ, "ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಇನ್ನೊಂಚೂರು" ಅನ್ನುತ್ತಾ ಹೋದರು. ಕೊನೆಗೆ ಅವರ ಗೇಟು ಚಿತ್ರದಿಂದಲೇ ಹೊರಟುಹೋಯಿತು. ಎದುರು ಮನೆಯ ಗೇಟು, ಅಂಗಳ, ಕಾರು, ಬಟ್ಟೆ ಒಣಗಿಸುವ ಹಗ್ಗ, ಎಲ್ಲಾ ಬಂದವು.

"ನಿಮ್ಮ ಗೇಟೇ ಕಾಣ್ತಾ ಇಲ್ವಲ್ಲ ಸಾರ್."

"ನನ್ನ ಗೇಟು ನಂಗೆ ಕಿಟಕಿಯಿಂದ್ಲೇ ಕಾಣ್ತದೆ."

ಬೇರೆಯವರ ಅಂಗಳ ಹೀಗೆ ನೋಡಬಾರದು ಅಂತ ಹೇಳಿ, ಗೇಟಿನ ಕಡೆಗೇ ತಿರುಗಿಸಿ, ಗಟ್ಟಿ ಪಾಸ್‌ವರ್ಡ್ ಹಾಕಿಕೊಟ್ಟು ಬಂದೆ. ನಾನು ಬೀದಿ ದಾಟುವ ಮುಂಚೆಯೇ ಅವರು ಕುರ್ಚಿ ಹತ್ತಿ ಕ್ಯಾಮೆರಾ ತಿರುಗಿಸಿಕೊಂಡರು ಅಂತ ಆಮೇಲೆ ಗೊತ್ತಾಯಿತು. ಪಾಸ್‌ವರ್ಡ್ ನೆನಪಿರುವುದಿಲ್ಲ ಅಂತ ಅದನ್ನೂ ತೆಗೆದು ತಮ್ಮ ಫೋನ್ ನಂಬರನ್ನೇ ಹಾಕಿಕೊಂಡರು. ಆ ನಂಬರು ಅವರ ಗೇಟಿನ ಬೋರ್ಡಿನ ಮೇಲೇ ಇದೆ.

ಕೆಲವು ತಿಂಗಳು ಕಳೆದ ಮೇಲೆ ಗಾಬರಿಯಿಂದ ಕರೆದರು. "ನನ್ನ ಕ್ಯಾಮೆರಾ ಹ್ಯಾಕ್ ಆಗಿದೆ. ಹೊರದೇಶದವ್ರು ನೋಡ್ತಿದ್ದಾರೆ. ನ್ಯೂಸಲ್ಲಿ ಬಂದಿದೆ. ಒಬ್ಬ ಮನುಷ್ಯನ ಖಾಸಗಿ ಬದುಕಿಗೆ ಬೆಲೆನೇ ಇಲ್ವಾ ಈ ದೇಶದಲ್ಲಿ?"

ತೆರೆದು ನೋಡಿದೆ. ನಿಜ, ಇನ್ನೊಂದು ಫೋನಿನಲ್ಲಿ ಯಾರೋ ಇವರ ಕ್ಯಾಮೆರಾ ನೋಡುತ್ತಿದ್ದಾರೆ. ಫೋನಿನ ಹೆಸರೂ ಕಾಣುತ್ತಿತ್ತು. ಹೊರದೇಶದ್ದಲ್ಲ, ಎದುರು ಮನೆಯವರದ್ದು.

ಎದುರು ಮನೆಗೆ ಹೋಗಿ ಕೇಳಿದೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಮುಚ್ಚಿಡಲೇ ಇಲ್ಲ.

"ಹೌದು, ನಾನೇ. ನನ್ನ ಗೇಟು, ನನ್ನ ಕಾರು, ಎಲ್ಲಾ ಚೆಂದ ಕಾಣ್ತದೆ. ಅವ್ರು ಖರ್ಚು ಹಾಕಿ ನನ್ನ ಮನೆ ಕಾಯ್ತಿದ್ದಾರೆ, ನಾನು ಬೇರೆ ಕ್ಯಾಮೆರಾ ಯಾಕೆ ಹಾಕ್ಸ್ಲಿ?" ಅಂದು ಪೇಪರ್ ಮಡಚಿದರು. "ಹಾಗೇ ಹೋಗ್ತಾ ಅವ್ರಿಗೊಂದು ಮಾತು ಹೇಳಿ. ಕ್ಯಾಮೆರಾಕ್ಕೆ ಜೇಡ ಬಲೆ ಕಟ್ಟಿದೆ. ಒಂಚೂರು ಒರೆಸ್ಲಿಕ್ಕೆ ಹೇಳಿ."

ಉಪನ್ಯಾಸ

ಇದು ಸಣ್ಣದು. ಸಾಗರದ ಒಂದು ಸಂಘದಲ್ಲಿ ಆನ್‌ಲೈನ್ ವಂಚನೆ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ. ಪ್ರೊಜೆಕ್ಟರ್ ಮತ್ತು ನೆಟ್ಟಿನ ಜವಾಬ್ದಾರಿ ನನ್ನದು. ಭಾಷಣಕಾರರು ಶಿವಮೊಗ್ಗದಿಂದ ಬಂದಿದ್ದರು. ತಮ್ಮ ಫೋನಿನ ಪರದೆಯನ್ನೇ ದೊಡ್ಡ ಪರದೆ ಮೇಲೆ ಬರುವಂತೆ ಮಾಡಿಸಿಕೊಂಡು, "ನೆನಪಿಡಿ, ಒಟಿಪಿಯನ್ನು ಹೆಂಡತಿಗೂ ಕೊಡಬೇಡಿ" ಅಂತ ಮೇಜು ಗುದ್ದಿದರು.

ಟಿಂಗ್ ಅಂತ ಪರದೆ ಮೇಲೆ ಒಂದು ಒಟಿಪಿ ಇಳಿಯಿತು. ಅದರ ಹಿಂದೆಯೇ ಅವರ ಮನೆಯವರ ಮೆಸೇಜು: "ಬೇಗ ನಂಬರ್ ಕಳಿಸಿ. ಗ್ಯಾಸಿನವನು ಬಾಗಿಲಲ್ಲಿ ನಿಂತಿದ್ದಾನೆ."

ಸಭೆ ಪೂರ್ತಿ ಓದಿತು. ಭಾಷಣಕಾರರ ಹೆಬ್ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಎದ್ದು, ಬಹಳ ಕಾಳಜಿಯಿಂದ ಹೇಳಿದರು. "ಕೊಡ್ಬೇಡಿ ಸಾರ್. ಮೋಸ ಇರ್ಬಹುದು."

ಅವರು ಕೊಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಸಾಗರದಲ್ಲಿ ಪಾರ್ಸೆಲ್ ಊಟ ಎಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಕೇಳಿದರು.

ಹುಲಿಕಲ್ಲಿನ ಅರೆಸ್ಟು

ಹುಲಿಕಲ್ ಹತ್ತಿರ ಒಬ್ಬ ಅಮ್ಮ ಇದ್ದಾರೆ. ಪಂಚಾಯ್ತಿ ಸದಸ್ಯೆಯಾಗಿದ್ದವರು. ಅವರ ಊರಲ್ಲಿ ಮೊಬೈಲ್ ಟವರ್ ಇಲ್ಲ. ಟವರ್ ಬೇಕು ಅಂತ ಅವರು ಅರ್ಜಿ ಕೊಡದ ಕಚೇರಿಯಿಲ್ಲ, ಹಿಡಿಯದ ಸಾಹೇಬರಿಲ್ಲ. ಕೊನೆಗೆ ಬೇಸತ್ತು ನನ್ನ ಹತ್ತಿರ ವೈಫೈ ಲೈನ್ ಎಳೆಸಿಕೊಂಡರು. ಅದು ಜಗಲಿ, ಕೊಟ್ಟಿಗೆ ಎರಡಕ್ಕೂ ಸಿಗುತ್ತದೆ. ವಾಟ್ಸಾಪ್ ಕಾಲ್ ಬರುತ್ತದೆ. ಸಾದಾ ಮೆಸೇಜು ಬರಬೇಕಾದರೆ ಮಾತ್ರ ಗುಡ್ಡ ಹತ್ತಬೇಕು.

ಒಂದು ದಿನ ಬೆಳಿಗ್ಗೆ ಅವರ ರೂಟರಿನ ಬ್ಯಾಟರಿ ಬದಲಿಸಲು ಹೋಗಿದ್ದೆ. ಅಂಗಳಕ್ಕೆ ಕಾಲಿಡುವಾಗಲೇ ಕೊಟ್ಟಿಗೆಯಿಂದ ಗಂಡಸಿನ ದನಿ. "ಮೇಡಂ, ಎಲ್ಲಿದ್ದೀರಾ? ಕ್ಯಾಮೆರಾ ಮುಂದೆ ಬನ್ನಿ."

ಇಣುಕಿದೆ. ಕೊಟ್ಟಿಗೆಯ ಕಂಬಕ್ಕೆ ಫೋನ್ ಒರಗಿಸಿಟ್ಟಿದ್ದಾರೆ. ಪರದೆಯಲ್ಲಿ ಪೊಲೀಸ್ ಯೂನಿಫಾರಂ ಹಾಕಿದ ಒಬ್ಬ, ಹಿಂದೆ ರಾಷ್ಟ್ರಧ್ವಜ. ಅವನೆದುರು ಒಂದು ಎಮ್ಮೆ ಮೆಲುಕು ಹಾಕುತ್ತಾ ಅವನನ್ನೇ ನೋಡುತ್ತಿತ್ತು.

ಇಂಥ ಕರೆ ನಂಬಿ ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ಕಳೆದುಕೊಂಡವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ಫೋನ್ ಕಟ್ ಮಾಡಲು ಓಡಿದೆ. ಅಡುಗೆಮನೆಯಿಂದ ಬಂದ ಅಮ್ಮ ನನ್ನ ರಟ್ಟೆ ಹಿಡಿದು ಎಳೆದರು.

"ಸುಮ್ನಿರು ಮಾರಾಯ್ತಿ. ನನ್ನನ್ನ ಅರೆಸ್ಟ್ ಮಾಡಿದ್ದಾನೆ."

"ಅಮ್ಮಾ, ಅದು ಮೋಸ."

"ಮೊದ್ಲು ನಾನೂ ನಂಬಿದ್ದೆ. ನನ್ನ ಹೆಸ್ರಿನ ಪಾರ್ಸೆಲ್ಲಲ್ಲಿ ಗಾಂಜಾ ಸಿಕ್ಕಿದೆಯಂತೆ. ಆಮೇಲೆ ಬ್ಯಾಂಕಿನ ವಿಷಯ ಎತ್ತಿದ, ಆಗ ಗೊತ್ತಾಯ್ತು ಕಳ್ಳ ಅಂತ. ಕ್ಯಾಮೆರಾ ಮುಂದಿಂದ ಏಳ್ಬಾರ್ದು ಅಂದ. ನಂಗೆ ಕೆಲಸ ಇಲ್ವಾ? ಎಮ್ಮೆನ ಕೂರಿಸಿ ಹೋಗಿದ್ದೆ."

ಕೈ ಒರೆಸಿಕೊಂಡು ಹೋಗಿ ಫೋನಿನ ಮುಂದೆ ಕೂತರು. "ಬಂದೆ ಸಾಹೇಬ್ರೇ. ಹೇಳಿ."

"ಎಷ್ಟು ಹೊತ್ತು ಮೇಡಂ. ನಿಮ್ಮ ಮೊಬೈಲ್‌ಗೆ ಒಂದು ಒಟಿಪಿ ಕಳಿಸಿದ್ದೀವಿ. ಓದಿ."

"ಬರ್ಲಿಲ್ಲ ಸಾಹೇಬ್ರೇ. ಅದು ಬರ್ಬೇಕಾದ್ರೆ ಟವರ್ ಬೇಕು. ನಮ್ಮೂರಿಗೆ ಟವರ್ ಇಲ್ಲ."

"ಟವರ್ ಇರೋ ಕಡೆ ಹೋಗಿ."

"ಹೇಗೆ ಹೋಗ್ಲಿ? ನೀವೇ ಅರೆಸ್ಟ್ ಮಾಡಿದ್ದೀರಿ. ಏಳ್ಬೇಡಿ ಅಂದಿದ್ದೂ ನೀವೇ."

ಆ ಕಡೆ ಇನ್ಯಾರೋ ಪಕ್ಕದಲ್ಲಿ ಹಿಂದಿಯಲ್ಲಿ ಗೊಣಗಿದ್ದು ಕೇಳಿತು. ಕೊನೆಗೆ ಸಾಹೇಬ, "ಆಯ್ತು ಮೇಡಂ, ಸ್ವಲ್ಪ ಹೊತ್ತು ರಿಲೀಸ್ ಮಾಡ್ತೀವಿ. ಹೋಗಿ ಬನ್ನಿ" ಅಂದ.

"ಗುಡ್ಡ ಹತ್ತಲಿಕ್ಕೆ ನನ್ನ ಮಂಡಿ ಬಿಡೋದಿಲ್ಲ ಸಾಹೇಬ್ರೇ. ಹೇಗೂ ನೀವು ದಿಲ್ಲಿ ಆಫೀಸಲ್ಲಿದ್ದೀರಿ, ನಿಮ್ಮ ಕೈಯಲ್ಲಿ ಎಲ್ಲಾ ಆಗ್ತದೆ ಅಂತ ಆಗ್ಲೇ ಹೇಳಿದ್ರಿ. ನಮ್ಮೂರಿಗೊಂದು ಟವರ್ ಹಾಕ್ಸಿಕೊಡಿ. ಆಮೇಲೆ ದಿನಾ ಬೇಕಾದ್ರೂ ಒಟಿಪಿ ಕಳ್ಸಿ, ನಾನು ಕೂತು ಓದ್ತೀನಿ. ಬರ್ಕೊಳ್ಳಿ ನಮ್ಮೂರ ಹೆಸ್ರು. ಹೋಬಳಿ ನಗರ, ತಾಲ್ಲೂಕು ಹೊಸನಗರ..."

ಕರೆ ಕಟ್ಟಾಯಿತು. ಅಮ್ಮ ಮೂರ್ನಾಲ್ಕು ಸಲ ವಾಪಸ್ ಕರೆ ಮಾಡಿದರು. ಅವನು ಎತ್ತಲಿಲ್ಲ. ಕೊನೆಗೆ ಬ್ಲಾಕ್ ಮಾಡಿಬಿಟ್ಟ.

ನಾನು ಆ ನಂಬರನ್ನು ಪೊಲೀಸರಿಗೆ ತಿಳಿಸೋಣ ಅಂದೆ. ಅವರು ಫೋನ್ ಹಿಡಿದುಕೊಂಡು ಯೋಚನೆ ಮಾಡುತ್ತಾ ಕೂತಿದ್ದರು. ಮುಖ ಸಣ್ಣಗಾಗಿತ್ತು.

"ಯಾಕಮ್ಮ, ಹೆದರಿಕೆ ಆಯ್ತಾ?"

"ಈಗ ಆಗ್ತಾ ಇದೆ" ಅಂದರು. "ಅಲ್ಲೀವರೆಗೂ ಇವ ಕಳ್ಳ ಅಂತ ಧೈರ್ಯವಾಗಿದ್ದೆ. ಟವರ್ ಅಂದ ಕೂಡ್ಲೇ ಫೋನ್ ಇಟ್ಟ ನೋಡು. ನಿಜವಾಗ್ಲೂ ಸರ್ಕಾರದವನೇ ಇರ್ಬೇಕು."